ಕರೆಯದೆ ಬರುತ್ತಿದ್ದ ಬಸ್ಸು

ವಾಲ್ದೆಲಾಮಾ
ಗುರುವಾರ, 5 ಅಕ್ಟೋಬರ್ 2023

ಪ್ರಾಂತ್ಯದ ಗ್ರಾಮೀಣ ಸಾರಿಗೆ ವಿಭಾಗದ ಮುಖ್ಯಸ್ಥೆ ಶ್ರೀಮತಿ ಪ್ರಾಕ್ಸೆದೆಸ್ ಅವರ ಸನ್ನಿಧಾನಕ್ಕೆ,

ಈ ಶ್ರೀಮತಿ, ಸನ್ನಿಧಾನ ಎಲ್ಲ ಲಕೋಟೆ ಒಡೆಯುವ ಗುಮಾಸ್ತನ ಸಮಾಧಾನಕ್ಕೆ ಬರೆದದ್ದು. ಇಲ್ಲಿಂದ ಮುಂದೆ ನೀನು ಪ್ರಾಕ್ಸಿ, ನಾನು ವಿಸಿ.

ಹದಿನೆಂಟು ವರ್ಷದ ಹಿಂದೆ ನಮ್ಮೂರ ಶಾಲೆ ಮುಚ್ಚುವ ಕಾಗದದ ಕೆಳಗೆ ನಿನ್ನ ಸಹಿ ನೋಡಿದ ದಿನ ನಿನ್ನ ಜೊತೆ ಮಾತು ಬಿಟ್ಟೆ. ಆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು ನಾನು. ಅದೇ ಶಾಲೆಯ ಮೂರನೇ ಬೆಂಚಿನಲ್ಲಿ ನನ್ನ ಪಕ್ಕ ಕೂತು ನನ್ನ ಗುಣಾಕಾರ ನಕಲು ಮಾಡಿ ದೊಡ್ಡವಳಾದವಳು ನೀನು. ಆಗ ನೀನು ಶಾಲೆಗಳ ವಿಭಾಗದಲ್ಲಿದ್ದೆ, ಶಾಲೆ ಹೋಯಿತು. ಈಗ ಬಸ್ಸುಗಳ ವಿಭಾಗದಲ್ಲಿದ್ದೀಯ. ನಾಳೆ ಗಾಳಿಯ ವಿಭಾಗಕ್ಕೆ ವರ್ಗವಾದರೆ ದಯವಿಟ್ಟು ಒಂದು ವಾರ ಮೊದಲೇ ತಿಳಿಸು, ಉಸಿರು ತುಂಬಿಟ್ಟುಕೊಳ್ಳುತ್ತೇವೆ.

ಇವತ್ತು ಬೆಳಿಗ್ಗೆ ನಮ್ಮ ನಿಲ್ದಾಣದ ಗೋಡೆಗೆ ಒಂದು ಕಾಗದ ಅಂಟಿತ್ತು. 'ಬೇಡಿಕೆ ಇಲ್ಲದ ಕಾರಣ ವಾಲ್ದೆಲಾಮಾ ನಿಲುಗಡೆಯನ್ನು ಜನವರಿ ಒಂದರಿಂದ ರದ್ದುಪಡಿಸಲಾಗಿದೆ.' ಕಳೆದ ಮೂರು ವರ್ಷದಲ್ಲಿ ನಮ್ಮೂರಿನಿಂದ ಬಸ್ಸು ಬೇಕೆಂದು ಬಂದ ಕರೆಗಳ ಸಂಖ್ಯೆ: ಸೊನ್ನೆ. ಕೆಳಗೆ ನಿನ್ನ ಸಹಿ. ಸಹಿ ಈಗಲೂ ಸುಂದರವಾಗಿದೆ; ಉಳಿದದ್ದೆಲ್ಲ ಸುಳ್ಳು.

ಬೇಡಿಕೆ ಇಲ್ಲವಂತೆ! ನಾವು ಬೇಡುವ ಜನವಲ್ಲ, ಅದು ನಮ್ಮ ತಪ್ಪಾಯಿತೆ? ಸೋತಿಯೋದಿಂದ ಆರ್ಕೋಸಾಕ್ಕೆ ಹೋಗುವ ಬಸ್ಸು ಹೆದ್ದಾರಿ ಬಿಟ್ಟು ಒಂಬತ್ತು ಕಿಲೋಮೀಟರ್ ಒಳಗೆ ನಮ್ಮೂರಿಗೆ ತಿರುಗಬೇಕಾದರೆ ಹಿಂದಿನ ದಿನ ಸಂಜೆ ಐದರೊಳಗೆ ಯಾರಾದರೂ ಫೋನ್ ಮಾಡಿ ಕೇಳಬೇಕು ಎಂಬುದು ನಿಮ್ಮ ನಿಯಮ. ಸರಿ. ಆದರೆ ಗುರುವಾರ ಆರ್ಕೋಸಾದಲ್ಲಿ ಸಂತೆ ಎಂಬುದು ನನ್ನ ಮುತ್ತಜ್ಜಿ ಹುಟ್ಟುವ ಮೊದಲಿನಿಂದ ಇರುವ ಸಂಗತಿ. ಗುರುವಾರ ನಾವು ಹೋಗುತ್ತೇವೆ ಎಂದು ಫೋನ್ ಮಾಡಿ ಹೇಳಬೇಕೆ? ನಾಳೆ ಬೆಳಗಾಗಲಿ ಎಂದು ಸೂರ್ಯನಿಗೆ ಯಾರಾದರೂ ಫೋನ್ ಮಾಡುತ್ತಾರೆಯೆ? ನಮ್ಮ ಚಾಲಕ ಎಲಾದಿಯೊ ಮನುಷ್ಯ ಕಣೇ. ಹನ್ನೊಂದು ವರ್ಷದಿಂದ ಒಂದು ಗುರುವಾರವೂ ತಪ್ಪದೆ, ನಾವು ಕರೆಯದೆಯೇ, ಬಸ್ಸು ತಿರುಗಿಸಿಕೊಂಡು ಬರುತ್ತಾನೆ. ಒಂಬತ್ತು ಜನ ಹತ್ತುತ್ತೇವೆ. ಚಳಿಗಾಲದಲ್ಲಿ ಈ ಊರಿನಲ್ಲಿ ಇರುವವರೇ ಹದಿನೇಳು ಮಂದಿ. ಒಂಬತ್ತು ಎಂದರೆ ಅರ್ಧಕ್ಕಿಂತ ಹೆಚ್ಚು. ನಿಮ್ಮ ರಾಜಧಾನಿಯ ಅರ್ಧ ಜನ ಒಂದೇ ಬಸ್ಸು ಹತ್ತಿದ್ದನ್ನು ನೋಡಿದ್ದೀಯಾ? ಪ್ರಯಾಣ ಉಚಿತ, ಹಾಗಾಗಿ ಟಿಕೆಟ್ ಇಲ್ಲ. ಟಿಕೆಟ್ ಇಲ್ಲ, ಹಾಗಾಗಿ ಲೆಕ್ಕ ಇಲ್ಲ. ಲೆಕ್ಕ ಇಲ್ಲ, ಹಾಗಾಗಿ ನಾವೇ ಇಲ್ಲ!

ಇನ್ನು ನನ್ನ ವಿಷಯ. ಫಿದೆನ್ಸಿಯೊಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ನಿನಗೆ ಯಾರಾದರೂ ಹೇಳಿರಬಹುದು, ಅಥವಾ ಹೇಳದೆಯೂ ಇರಬಹುದು. ಆರ್ಕೋಸಾದ ಆರೈಕೆ ಮನೆಯಲ್ಲಿದ್ದಾನೆ. ಮಾತು ಹೋಗಿದೆ. ಗುರುವಾರ ನಾನು ಹೋಗಿ ಅವನ ಗಡ್ಡ ಬೋಳಿಸುತ್ತೇನೆ. ಬೇರೆ ಯಾರು ಬ್ಲೇಡು ಹಿಡಿದು ಬಂದರೂ ಮುಖ ಗೋಡೆಗೆ ತಿರುಗಿಸುತ್ತಾನೆ. ನನಗೆ ಮಾತ್ರ ಕೆನ್ನೆ ಉಬ್ಬಿಸಿಕೊಡುತ್ತಾನೆ. ನಲವತ್ತು ವರ್ಷದ ದಾಂಪತ್ಯದಲ್ಲಿ ಈಗ ಉಳಿದಿರುವ ಸಂಭಾಷಣೆ ಅಷ್ಟು. ನಾನು ಕಾರು ಓಡಿಸುವವಳಲ್ಲ. "ನೀವೇ ಆರ್ಕೋಸಾಕ್ಕೆ ಬಂದು ಇದ್ದುಬಿಡಿ" ಎನ್ನುತ್ತಾರೆ ಬುದ್ಧಿವಂತರು. ಚಕ್ರ ಇರುವುದು ಬಸ್ಸಿಗೆ, ನನಗಲ್ಲ. ಹಾಗಿದ್ದ ಮೇಲೆ ಓಡಾಡಬೇಕಾದದ್ದು ಯಾರು?

ಆ ಕಾಗದವನ್ನು ರದ್ದು ಮಾಡು. ಆಗದಿದ್ದರೆ ಯಾಕೆ ಎಂದು ಮನುಷ್ಯರ ಭಾಷೆಯಲ್ಲಿ ಬರೆ.

ಸಿಟ್ಟಿನಿಂದ,
ವಿಸಿತಾಸಿಯೊನ್ ಯಾಂಗ್ವಾಸ್


ರಾಜಧಾನಿ
16 ಅಕ್ಟೋಬರ್ 2023

ಮಾನ್ಯರೇ,

ತಮ್ಮ ದಿನಾಂಕ 5ರ ಮನವಿಯು ಈ ಕಚೇರಿಯಲ್ಲಿ ಸ್ವೀಕೃತವಾಗಿ ಕ್ರಮಸಂಖ್ಯೆ 4417ರಲ್ಲಿ ದಾಖಲಾಗಿರುತ್ತದೆ. ಕರೆ ಕೇಂದ್ರದ ಗಣಕಯಂತ್ರದ ಮಾಹಿತಿಯ ಪ್ರಕಾರ, ಸೆಪ್ಟೆಂಬರ್ 30ಕ್ಕೆ ಅಂತ್ಯಗೊಂಡ ಮೂರು ವರ್ಷಗಳ ಅವಧಿಯಲ್ಲಿ ಸದರಿ ನಿಲುಗಡೆಗೆ ಯಾವುದೇ ಬೇಡಿಕೆ ಸ್ವೀಕೃತವಾಗಿರುವುದಿಲ್ಲ. ತಮ್ಮ ಮನವಿಯಲ್ಲಿ ಉಲ್ಲೇಖಿಸಿರುವ ಅಂಶಗಳನ್ನು ಸೂಕ್ತ ಪರಿಶೀಲನೆಗಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ.

ತಮ್ಮ ವಿಶ್ವಾಸಿ,
ವಿಭಾಗದ ಮುಖ್ಯಸ್ಥೆ

(ಕೆಳಗೆ, ಕೈಬರಹದಲ್ಲಿ) ವಿಸಿ, ಇದನ್ನು ಕಚೇರಿಗೆ ಯಾಕೆ ಕಳಿಸಿದೆ? ನನ್ನ ಮನೆಗೆ ಬರೆಯಬಾರದಿತ್ತೆ? ವಿಳಾಸ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಫಿದೆನ್ಸಿಯೊ ವಿಷಯ ನನಗೆ ಗೊತ್ತಿರಲಿಲ್ಲ. ಪ್ರಾ.


ವಾಲ್ದೆಲಾಮಾ
ಭಾನುವಾರ, 22 ಅಕ್ಟೋಬರ್

ಪ್ರಾಕ್ಸಿ,

ನಿನ್ನ ಪತ್ರವನ್ನು ಹೋಟೆಲಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ನಮ್ಮ ಕಾಸಿಲ್ದಾ ಅತ್ತೆಗೆ ಎಂಬತ್ತೊಂಬತ್ತು, ಕಿವಿ ಮಂದ, ನಾಲಿಗೆ ಚುರುಕು. "ಏನಂತಾಳೆ ಆ ಕುರುಬನ ಮಗಳು?" ಎಂದಳು.

"ಸೂಕ್ತ ಪರಿಶೀಲನೆಗೆ ರವಾನಿಸಿದ್ದಾಳಂತೆ ಅತ್ತೆ."

"ಯಾವ್ ಬಸ್ನಲ್ಲಿ?" ಎಂದಳು.

ಆಮೇಲೆ ಹೊಸದೊಂದು ಆಯಿತು. ಊರಿನ ಗಂಟೆ ಹೊಡೆದರು. ನಿನಗೆ ನೆನಪಿರಬೇಕು: ಗಂಟೆ ಹೊಡೆದರೆ ಮನೆಗೊಬ್ಬರು ಗುದ್ದಲಿ ಹಿಡಿದು ಬರಬೇಕು, ಕಾಲುವೆಯೋ ದಾರಿಯೋ ಎಲ್ಲರೂ ಸೇರಿ ರಿಪೇರಿ ಮಾಡಬೇಕು, ಬಾರದ ಮನೆಯವರನ್ನು ವರ್ಷವಿಡೀ ಆಡಿಕೊಳ್ಳಬೇಕು. ಈ ಸಲ ಗುದ್ದಲಿ ಬೇಡ, ಫೋನ್ ಸಾಕು ಎಂದು ತೀರ್ಮಾನವಾಯಿತು. ಮನೆಗೊಬ್ಬರು ದಿನವೂ ನಿಮ್ಮ ಕೇಂದ್ರಕ್ಕೆ ಫೋನ್ ಮಾಡಿ ಬಸ್ಸು ಕೇಳುವುದು; ಕೇಳಿದವರು ಮಾರನೇ ದಿನ ಖಂಡಿತ ಹತ್ತುವುದು. ಕೆಲಸ ಇರಲಿ ಬಿಡಲಿ. ದಾರಿ ರಿಪೇರಿ ಎಂದ ಮೇಲೆ ದಾರಿ ರಿಪೇರಿ.

ಆದರೆ ಫೋನ್ ಎತ್ತುವುದು ಮನುಷ್ಯರಲ್ಲವಂತೆ! ಒಂದು ಹೆಣ್ಣುದನಿಯ ಯಂತ್ರ. ಕಾಸಿಲ್ದಾ ಅತ್ತೆ ಅದರೊಡನೆ ಕಾಲು ಗಂಟೆ ಮಾತಾಡಿದಳು.

"ನಿಮ್ಮ ನಿಲುಗಡೆಯ ಹೆಸರು ಹೇಳಿ" ಅಂತು ಅದು.

"ವಾಲ್ದೆಲಾಮಾ ಕಣಮ್ಮ. ನೀನ್ ಯಾರ ಪೈಕಿ?"

"ಕ್ಷಮಿಸಿ, ಅರ್ಥವಾಗಲಿಲ್ಲ."

"ಅಯ್ಯೋ ಪಾಪ, ನಿಂಗೂ ಕಿವಿ ಕೇಳ್ಸಲ್ವಾ? ನೋಡು, ನಂದು ಎಡ ಮಂಡಿ..."

ಮಂಡಿಯ ಕಥೆ ಮುಗಿಯುವಷ್ಟರಲ್ಲಿ ಯಂತ್ರ ತಾನೇ ಕರೆ ಕತ್ತರಿಸಿತು. ಯಂತ್ರದ ತಾಳ್ಮೆಗೂ ಒಂದು ಮಿತಿ ಇದೆ ಎಂದು ಸಾಬೀತು ಮಾಡಿದ ಕೀರ್ತಿ ನಮ್ಮೂರಿಗೆ. ಕೊನೆಗೆ ಅವಳ ಬದಲು ನಾನೇ ಒತ್ತಬೇಕಾದ ಅಂಕಿಗಳನ್ನೆಲ್ಲ ಒತ್ತಿ ಸೀಟು ಹಿಡಿದೆ. ಒಂಬತ್ತು ವರ್ಷದ ನಂತರ ಅತ್ತೆ ಊರು ಬಿಟ್ಟು ಆರ್ಕೋಸಾ ನೋಡಿದಳು. ದೊಡ್ಡ ಅಂಗಡಿಯಲ್ಲಿ ಬ್ರೆಡ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು ನೋಡಿ "ಇದ್ಕೆ ಹೆಣದ ಬಟ್ಟೆ ಯಾಕ್ ಹೊದ್ಸಿದಾರೆ?" ಎಂದು ಮಾಲೀಕನನ್ನು ಕೇಳಿ ಬಂದಳು.

ಶುಕ್ರವಾರದವರೆಗೆ ನಲವತ್ತೊಂದು ಕರೆ ಆಗಿವೆ. ಇನ್ನು ಬೇಡಿಕೆ ಇಲ್ಲ ಎಂದರೆ ನಾನು ಗಂಟೆಯನ್ನೇ ಹೊತ್ತು ನಿನ್ನ ಕಚೇರಿಗೆ ಬರುತ್ತೇನೆ.

ನಿನ್ನ ಕೈಬರಹದ ಮೂರು ಸಾಲು ಸಿಕ್ಕಿತು. ಅದನ್ನು ಹೋಟೆಲಿನಲ್ಲಿ ಓದಲಿಲ್ಲ.

ವಿಸಿ


ರಾಜಧಾನಿ
2 ನವೆಂಬರ್

ವಿಸಿ,

ಇದು ಮನೆಯಿಂದ ಬರೆಯುತ್ತಿರುವುದು. ಕಚೇರಿಯ ಭಾಷೆ ಬರಬಾರದೆಂದು ಎರಡು ಸಲ ಹರಿದು ಬರೆದಿದ್ದೇನೆ. ಆದರೂ ಬಂದರೆ ಬೈಯಬೇಡ, ಮೂವತ್ತೆಂಟು ವರ್ಷದ ಚಾಳಿ.

ನಿಮ್ಮ ನಲವತ್ತೊಂದು ಕರೆಗಳು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕದ ಅವಧಿ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿದಿದೆ. ಬಸ್ಸು ಓಡಿಸುವ ಗುತ್ತಿಗೆ ಕಂಪನಿ ಇದಕ್ಕೆ 'ಕೃತಕ ಬೇಡಿಕೆ' ಎಂದು ಹೆಸರಿಟ್ಟಿದೆ. ಹಿಂದಿನ ಮೂರು ವರ್ಷ ಜನ ನಿಜವಾಗಿ ಹತ್ತುತ್ತಿದ್ದರು ಎಂಬುದಕ್ಕೆ ಇರುವ ಸಾಕ್ಷಿ ಒಂದೇ. ಅದು ಕ್ರಮಸಂಖ್ಯೆ 4417, ನಿನ್ನ ಮೊದಲ ಪತ್ರ.

ಮತ್ತು ಅದೇ ತೊಂದರೆ. ಆ ಪತ್ರದಲ್ಲಿ ನೀನು ಚಾಲಕನ ಹೆಸರು ಬರೆದೆ. ಕರೆ ಇಲ್ಲದೆ ಹನ್ನೊಂದು ವರ್ಷ ಬಸ್ಸು ತಿರುಗಿಸಿದ ಎಂದು ಬರೆದೆ. ಹೊಗಳಿ ಬರೆದೆ, ನಿಜ. ಆದರೆ ಗುಮಾಸ್ತ ಮುದ್ರೆ ಒತ್ತಿದ ಮೇಲೆ ಹೊಗಳಿಕೆಯೇ ದೂರಿನ ಅರ್ಜಿಯಾಗುತ್ತದೆ. ಅದರ ಪ್ರತಿ ನಿಯಮದಂತೆ ಕಂಪನಿಗೆ ಹೋಯಿತು. ಅವರು ಎಲಾದಿಯೊ ಮೇಲೆ ಅನಧಿಕೃತ ಸಂಚಾರದ ವಿಚಾರಣೆ ತೆರೆದಿದ್ದಾರೆ. ಪಿಂಚಣಿಗೆ ಅವನಿಗೆ ಹದಿನಾಲ್ಕು ತಿಂಗಳಿದೆ. ಆರೋಪ ರುಜುವಾತಾದರೆ ಕೆಲಸದಿಂದ ತೆಗೆಯುತ್ತಾರೆ.

ಇದೇ ತಿಂಗಳ ಇಪ್ಪತ್ತು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ನಿನ್ನನ್ನು ಇಲ್ಲಿಗೆ ಕರೆದಿದ್ದಾರೆ. ಪತ್ರದಲ್ಲಿ ಬರೆದದ್ದು ನಿಜ ಎಂದು ನೀನು ಹೇಳಿದರೆ ನಿಲುಗಡೆ ಉಳಿಯಬಹುದು, ಎಲಾದಿಯೊ ಉಳಿಯುವುದಿಲ್ಲ. ಸುಳ್ಳು ಎಂದರೆ ಅವನು ಉಳಿಯುತ್ತಾನೆ, ನಿಲುಗಡೆ ಹೋಗುತ್ತದೆ.

ನೆನಪಿಲ್ಲ ಎಂದು ಹೇಳಿಬಿಡು. ನಮ್ಮ ವಯಸ್ಸಿನಲ್ಲಿ ಜನ ಅದನ್ನು ನಂಬುತ್ತಾರೆ.

ಪ್ರಾಕ್ಸೆದೆಸ್


ವಾಲ್ದೆಲಾಮಾ
ಶುಕ್ರವಾರ, 10 ನವೆಂಬರ್

ಪ್ರಾಕ್ಸೆದೆಸ್,

ಆರು ದಿನ ನಿನ್ನ ಪತ್ರ ಸೆರಗಿನಲ್ಲಿ ಕೆಂಡ ಇಟ್ಟುಕೊಂಡಂತೆ ಇಟ್ಟುಕೊಂಡೆ. ನನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಒಬ್ಬ ಒಳ್ಳೆಯವನನ್ನು ಹೊಗಳಲು ಹೋಗಿ ಅವನ ಕೊರಳಿಗೆ ಹಗ್ಗ ಹೊಸೆದುಕೊಟ್ಟೆ. ನಮ್ಮೂರಿನಲ್ಲಿ ಒಬ್ಬನನ್ನು ಒಳ್ಳೆಯವನೆಂದರೆ ಅವನಿಗೆ ಒಂದು ಲೋಟ ದ್ರಾಕ್ಷಾರಸ ಹೆಚ್ಚು ಸಿಗುತ್ತದೆ, ಅಷ್ಟೆ. ನಿಮ್ಮಲ್ಲಿ ವಿಚಾರಣೆ ಸಿಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಿನ್ನೆ ಬಸ್ಸಿನಲ್ಲಿ ಎಲಾದಿಯೊನ ಹಿಂದಿನ ಸೀಟಿನಲ್ಲಿ ಕೂತು ಎಲ್ಲ ಹೇಳಿಕೊಂಡೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ.

"ಅಳ್ಬೇಡಿ ವಿಸಿ ಅಕ್ಕ, ಸೀಟು ಒದ್ದೆಯಾದ್ರೆ ಅದಕ್ಕೂ ನಂಗೇ ನೋಟಿಸು."

"ನಗ್ತೀಯಲ್ಲಪ್ಪಾ! ಕೆಲ್ಸ ಹೋಗುತ್ತಂತೆ."

"ಹೋದ್ರೆ ಹೋಗ್ಲಿ. ನಾನೇನು ಕದ್ದು ತಿರುಗ್ಸಿದ್ನಾ? ಕೇಳಿ ತಿರುಗ್ಸಿದ್ದು."

"ಯಾರನ್ನ ಕೇಳ್ದೆ?"

ಕುರಿಮಂದೆಯೊಂದು ಅಡ್ಡ ಬಂತು, ನಿಂತೆವು. ಆಗ ಹೇಳಿದ: "ಈ ಫೋನಿನ ಪದ್ಧತಿ ಶುರುವಾದ ಮೊದಲನೇ ವಾರ. ಬುಧವಾರ ಸಂಜೆ ವಾಲ್ದೆಲಾಮಾದಿಂದ ಯಾರೂ ಫೋನ್ ಮಾಡಿಲ್ಲ ಅಂದ್ರು. ನಂಗೆ ಸಂಕಟ ಆಯ್ತು, ಸಂತೆ ದಿನ ಜನ ಚಳೀಲಿ ನಿಂತಿರ್ತಾರಲ್ಲ ಅಂತ. ರಾಜಧಾನಿ ಕಚೇರಿಗೇ ಫೋನ್ ಹಚ್ಚಿದೆ. ಒಬ್ರು ಮೇಡಂ ಎತ್ಕೊಂಡ್ರು. ಏನ್ ಮಾಡ್ಲಿ ಅಂದೆ. 'ಹೋಗಿ ಕರ್ಕೊಂಡ್ಬಾರಪ್ಪ, ಮಂದೆ ನೀರಿಗೆ ಬರೋ ಮುಂಚೆ ಚೀಟಿ ಕಳಿಸುತ್ತಾ' ಅಂದ್ರು. ಆ ಮಾತು ನಂಗೆ ಬಹಳ ಹಿಡಿಸ್ತು. ಅವತ್ತಿಂದ ತಿರುಗಿಸ್ತಾ ಇದೀನಿ."

"ಹೆಸರೇನು ಆ ಮೇಡಂದು?"

"ಹೆಸರು ಕೇಳ್ಲಿಲ್ಲ. ಕೇಳಿದ್ರೂ ಈಗ ಹೇಳ್ತಿರ್ಲಿಲ್ಲ ಬಿಡಿ. ಒಳ್ಳೇ ಮಾತು ಆಡಿದೋರನ್ನ ಹಿಡಿದು ಕೊಡೋದು ಸರಿಯಲ್ಲ."

ಹಿಡಿದು ಕೊಟ್ಟವಳು ಹಿಂದಿನ ಸೀಟಿನಲ್ಲೇ ಕೂತಿದ್ದಳು. ನೆಲ ಸೀಳಬಾರದೆ ಅನ್ನಿಸಿತು.

ಪ್ರಾಕ್ಸೆದೆಸ್, ಆ ಮಾತು ಈ ಸೀಮೆಯಲ್ಲಿ ಒಬ್ಬನೇ ಒಬ್ಬ ಆಡುತ್ತಿದ್ದ. ನಮ್ಮೂರ ಕುರುಬ, ನಿನ್ನ ಅಪ್ಪ. ಕುರಿ ಹೊಲಕ್ಕೆ ನುಗ್ಗಿತೆಂದು ಯಾರಾದರೂ ಜಗಳಕ್ಕೆ ಬಂದರೆ "ಮಂದೆ ನೀರಿಗೆ ಬರೋ ಮುಂಚೆ ಚೀಟಿ ಕಳಿಸುತ್ತಾ" ಎಂದು ಕೋಲು ಊರಿಕೊಂಡು ನಿಲ್ಲುತ್ತಿದ್ದ. ಅವನು ಸತ್ತ ಮೇಲೆ ಆ ಮಾತು ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರು. ನಾನು ಫೋನ್ ಎತ್ತಿಲ್ಲ.

ನಿನಗೆ ಗೊತ್ತಿತ್ತು! ಬಸ್ಸು ಬರುತ್ತದೆಂದು ಗೊತ್ತಿತ್ತು, ನಾವು ಹತ್ತುತ್ತೇವೆಂದು ಗೊತ್ತಿತ್ತು, ಯಾರೂ ಫೋನ್ ಯಾಕೆ ಮಾಡುವುದಿಲ್ಲ ಎಂದೂ ಗೊತ್ತಿತ್ತು. ಕರೆ ಬೇಡ ಎಂದವಳೇ ನೀನು. ಬೇಡಿಕೆ ಇಲ್ಲ ಎಂದು ಬರೆದವಳೂ ನೀನು. ಬಾಯಲ್ಲಿ ಅಪ್ಪನ ಮಾತು, ಕೈಯಲ್ಲಿ ಸೊನ್ನೆ. ಈಗ ಆ ಮನುಷ್ಯ ನಿನ್ನ ಹೆಸರನ್ನು ಹಲ್ಲಿನ ಹಿಂದೆ ಕಟ್ಟಿಟ್ಟುಕೊಂಡು ತಾನೊಬ್ಬನೇ ಮುಳುಗಲು ತಯಾರಾಗಿದ್ದಾನೆ. ನೀನು ನನಗೆ 'ನೆನಪಿಲ್ಲ ಎನ್ನು' ಎಂದು ಬುದ್ಧಿ ಹೇಳುತ್ತೀಯ.

ಇಪ್ಪತ್ತನೇ ತಾರೀಖಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಈ ಊರಿನಿಂದ ರಾಜಧಾನಿ ತಲುಪಿಸುವ ಯಾವ ಬಸ್ಸೂ ಇಲ್ಲ ಎಂಬುದು ನಿನ್ನ ವಿಭಾಗಕ್ಕೆ ತಿಳಿದಿರಬೇಕಲ್ಲ. ಆದರೂ ಬರುತ್ತೇನೆ.

ವಿಸಿತಾಸಿಯೊನ್


ವಾಲ್ದೆಲಾಮಾ
ಬುಧವಾರ, 22 ನವೆಂಬರ್

ಮುಖ್ಯಸ್ಥೆಯವರೇ,

ಹತ್ತನೇ ತಾರೀಖಿನ ಪತ್ರಕ್ಕೆ ಉತ್ತರ ಬರಲಿಲ್ಲ. ಉತ್ತರವನ್ನು ಸೋಮವಾರ ಕಣ್ಣಾರೆ ನೋಡಿದೆ.

ನಾನು ಬಂದದ್ದು ಒನೊರಾತೊನ ಮೀನಿನ ವ್ಯಾನಿನಲ್ಲಿ. ನಸುಕಿನಲ್ಲಿ ಮೀನು ತುಂಬಲು ರಾಜಧಾನಿಗೆ ಖಾಲಿ ಹೋಗುತ್ತಾನೆ. ಖಾಲಿ ಎಂದರೂ ಮೂವತ್ತು ವರ್ಷದ ಮೀನಿನ ಆತ್ಮಗಳು ಅದರೊಳಗೆ ಇನ್ನೂ ವಾಸವಾಗಿವೆ. ನಿಮ್ಮ ಮೇಜಿನ ಆಚೆ ಕೂತಿದ್ದ, ಟೈ ಕಟ್ಟಿದ ಕಂಪನಿಯವನು ಮೂಗು ಮುಚ್ಚಿಕೊಂಡು ಕಿಟಕಿ ತೆರೆದಾಗ ನನಗೆ ನಾಚಿಕೆ ಆಗಲಿಲ್ಲ. ನಿಮ್ಮ ಸಾರಿಗೆ ವ್ಯವಸ್ಥೆಯ ವಾಸನೆ ಅದು, ನನ್ನದಲ್ಲ.

ನೀನು ಮೇಜಿನ ತುದಿಯಲ್ಲಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕನ್ನಡಕ ನಿನ್ನ ಅಮ್ಮನ ಥರದ್ದು. ನನ್ನತ್ತ ನೋಡಲಿಲ್ಲ, ಕಾಗದ ಜೋಡಿಸುತ್ತಿದ್ದೆ.

"ಈ ಪತ್ರ ನೀವೇ ಬರೆದದ್ದಾ?" ಎಂದ ಟೈ.

"ನಾನೇ."

"ಇದರಲ್ಲಿರೋದು ನಿಜಾನಾ?"

'ನಿಜ' ಎಂಬ ಉತ್ತರವನ್ನು ಅಕ್ಟೋಬರಿನಿಂದ ಸಿದ್ಧ ಇಟ್ಟುಕೊಂಡಿದ್ದೆ. ಅದನ್ನು ಹೇಳಿದ್ದರೆ ನನ್ನ ಗುರುವಾರ ನನಗೆ ಉಳಿಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ಎಲಾದಿಯೊ ಟೊಪ್ಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ. ಅವನು ಯಾವತ್ತೂ ಇಸ್ತ್ರಿ ಮಾಡಿದ ಅಂಗಿ ಹಾಕಿದವನಲ್ಲ; ಸೋಮವಾರ ಹಾಕಿದ್ದ.

"ಇಲ್ಲ," ಎಂದೆ. "ಪೂರ್ತಿ ಸುಳ್ಳು."

"ಹಾಗಾದ್ರೆ ಗುರುವಾರ ಗುರುವಾರ ನೀವು ಆರ್ಕೋಸಾಕ್ಕೆ ಹೇಗೆ ಹೋಗ್ತಿದ್ರಿ?"

"ನಡ್ಕೊಂಡು."

"ಮೂವತ್ತೆಂಟು ಕಿಲೋಮೀಟರಾ?"

"ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಸ್ವಾಮಿ. ಹೋಗುವಾಗ ಇಳಿಜಾರು."

"ವಾಪಸ್ ಬರುವಾಗ?"

"ಹಸಿವು. ಹಸಿವು ಜೋರಾಗಿ ನಡೆಸುತ್ತೆ. ನೀವೂ ಒಂದ್ಸಲ ಪ್ರಯತ್ನ ಮಾಡಿ."

ಅವನು ಹಲ್ಲು ಕಡಿದ. ಸುಳ್ಳೆಂದು ಅವನಿಗೂ ಗೊತ್ತು, ನನಗೂ ಗೊತ್ತು, ಮೇಜಿನ ತುದಿಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನೀನು ತಲೆ ಎತ್ತುತ್ತೀಯ ಎಂದು ಕಾದೆ. ಒಂದು ಕೆಮ್ಮಾದರೂ ಕೆಮ್ಮುತ್ತೀಯ ಎಂದು ಕಾದೆ. ನಾನು ಹೇಳಿದ ಪ್ರತಿಯೊಂದು ಸುಳ್ಳನ್ನೂ ನೀನು ಆ ಸುಂದರ ಅಕ್ಷರದಲ್ಲಿ ಬರೆದುಕೊಂಡೆ. ಆಮೇಲೆ ಹಾಳೆಯನ್ನು ನನ್ನ ಮುಂದೆ ಸರಿಸಿ, ಪೆನ್ನು ಕೊಟ್ಟು, ಬೆರಳಿಟ್ಟು "ಇಲ್ಲಿ" ಎಂದೆ.

ಹದಿನೆಂಟು ವರ್ಷದ ನಂತರ ನಿನ್ನ ಬಾಯಿಂದ ನಾನು ಕೇಳಿದ ಮಾತು ಇದೊಂದೇ. 'ಇಲ್ಲಿ.'

ಸಹಿ ಹಾಕಿದೆ. ಎಲಾದಿಯೊ ಉಳಿದ. ನನಗೆ ಬೇಜಾರಿಲ್ಲ, ಸಿಟ್ಟಿದೆ. ಸಿಟ್ಟು ಬೆಚ್ಚಗಿಡುತ್ತದೆ, ಈ ವರ್ಷ ಸೌದೆಯೂ ಕಡಿಮೆ.

ಇನ್ನು ನಿನಗೆ ಬರೆಯುವುದಿಲ್ಲ.

ವಿ. ಯಾಂಗ್ವಾಸ್


ವಾಲ್ದೆಲಾಮಾ
ಗುರುವಾರ, 7 ಡಿಸೆಂಬರ್

ಪ್ರಾಕ್ಸಿ,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ? ಹೋಟೆಲಿನಲ್ಲಿ ಹೇಳಿದರೆ ಅಳುತ್ತಾರೆ. ನೀನು ಅಳುವುದಿಲ್ಲವೆಂದು ಗೊತ್ತಾಗಿದೆ.

ಇವತ್ತು ಆರೈಕೆ ಮನೆಯ ಹುಡುಗಿಗೆ ಗಡ್ಡ ಬೋಳಿಸುವುದನ್ನು ಕಲಿಸಿದೆ. ಒಳ್ಳೆಯ ಹುಡುಗಿ, ಪೆರುವಿನವಳು, ಕೈ ಹಗುರ. ಮೊದಲು ನಾನು ನೊರೆ ಹಚ್ಚಿದೆ, ಅವನು ಕೆನ್ನೆ ಉಬ್ಬಿಸಿದ. ಬ್ಲೇಡು ಅವಳ ಕೈಗೆ ಕೊಟ್ಟೆ. ಕೆನ್ನೆ ಇಳಿಯಿತು. ಮುಖ ಗೋಡೆಗೆ ಹೋಯಿತು. "ಫಿದೆ, ಹಟ ಮಾಡಬೇಡ, ಜನವರಿಯಿಂದ ಇವಳೇ ಬರೋದು" ಎಂದೆ. ನನ್ನ ಮೇಲೆ ಅವನಿಗೆ ಸಿಟ್ಟು ಬಂತು, ಪ್ರಾಕ್ಸಿ. ಮಾತಿಲ್ಲದವನ ಸಿಟ್ಟು ಹೇಗಿರುತ್ತದೆಂದು ನಿನಗೆ ಹೇಳಲಾರೆ. ನೊರೆ ಒಣಗಿ ಬಿರುಕು ಬಿಡುವವರೆಗೆ ಗೋಡೆ ನೋಡುತ್ತಿದ್ದ. ಕೊನೆಗೆ ಒರೆಸಿ ಬಿಟ್ಟು ಬಂದೆ.

ಅವನು ತಿಳಿದುಕೊಂಡಿರುವುದು ನಾನೇ ಬರಲು ಒಲ್ಲೆ ಎಂದೆ ಅಂತ. ಅವನಿಗೆ ನಿಮ್ಮ ನಿಯಮ ಹೇಗೆ ವಿವರಿಸಲಿ? ವಿವರಿಸಿದರೂ ನಂಬುತ್ತಾನೆಯೆ? ಬುದ್ಧಿ ಸರಿ ಇರುವ ನನಗೇ ನಂಬಲು ಕಷ್ಟವಾಗಿದೆ.

ಇನ್ನು ಮೂರು ಗುರುವಾರ ಉಳಿದಿವೆ.

ವಿಸಿ


ರಾಜಧಾನಿಯ ಬಸ್ ನಿಲ್ದಾಣ
ಬುಧವಾರ, 20 ಡಿಸೆಂಬರ್

ವಿಸಿ,

ಈ ಕಾಗದವನ್ನು ನಾನೇ ಕೈಯಲ್ಲಿ ತರುತ್ತಿದ್ದೇನೆ. ನನಗಿಂತ ಮೊದಲು ನಿನ್ನ ಊರು ಮುಟ್ಟಲು ಅಂಚೆಗೂ ಬಸ್ಸಿಲ್ಲ. ಎದುರಿಗೆ ನಿಂತರೆ ಮಾತು ಬಾರದೇ ಹೋದೀತು, ಅದಕ್ಕೆ ಬರೆದಿಟ್ಟುಕೊಳ್ಳುತ್ತಿದ್ದೇನೆ.

'ನೆನಪಿಲ್ಲ ಎನ್ನು' ಎಂದು ನಿನಗೆ ಬರೆದೆನಲ್ಲ, ಅದು ನಿನಗೆ ಹೇಳಿದ್ದಲ್ಲ. ಹನ್ನೊಂದು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದದ್ದು. ಫೋನಿನಲ್ಲಿ ಅಪ್ಪನ ಮಾತು ಬಾಯಿಗೆ ಬಂತು, ಆಡಿದೆ, ಕಡತದಲ್ಲಿ ಬರೆದಿಡಲಿಲ್ಲ. ಬರೆದರೆ ನಿಯಮ ಮುರಿದಂತೆ, ಬರೆಯದಿದ್ದರೆ ನಡೆಯುತ್ತದೆ ಎಂದುಕೊಂಡೆ. ವರ್ಷ ವರ್ಷ ಪಟ್ಟಿಯಲ್ಲಿ ನಿಮ್ಮೂರ ಮುಂದೆ ಸೊನ್ನೆ ಬಂದಾಗ ಅದನ್ನು ನೋಡಿ ಮುಂದಿನ ಸಾಲಿಗೆ ಹೋದೆ. ಈ ವರ್ಷ ಸೊನ್ನೆಗಳನ್ನೆಲ್ಲ ತೆಗೆಯಿರಿ ಎಂದರು. ಆಗಲೂ ಬಾಯಿ ಬರಲಿಲ್ಲ, ಕೈ ಬಂತು.

ವಿಚಾರಣೆಯ ಆ ಸೋಮವಾರ ನೀನು 'ಪೂರ್ತಿ ಸುಳ್ಳು' ಎಂದಾಗ ನಾನು ತಲೆ ಎತ್ತಲಿಲ್ಲ, ನಿಜ. ಎತ್ತಿದ್ದರೆ ನಿನ್ನ ಮುಖ ಕಾಣುತ್ತಿತ್ತು.

ಏಳನೇ ತಾರೀಖಿನ ನಿನ್ನ ಪತ್ರ ಬಂದ ದಿನ ಕಚೇರಿಗೆ ಹೋಗಿ ನಡಾವಳಿಯ ಕಡತ ತೆಗೆಸಿದೆ. ನಿನ್ನ ಸಹಿಯ ಕೆಳಗೆ ಖಾಲಿ ಜಾಗವಿತ್ತು. 'ಮೇಲಿನ ಹೇಳಿಕೆ ನಿಜವಲ್ಲ. ಚಾಲಕ ಬಸ್ಸು ತಿರುಗಿಸಿದ್ದು ನನ್ನ ಮಾತಿನ ಮೇಲೆ. ಪ್ರಯಾಣಿಕರಿರುವುದು ನನಗೆ ಮೊದಲಿನಿಂದ ಗೊತ್ತಿತ್ತು' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ, ನಾನೇ ಮುದ್ರೆ ಒತ್ತಿದೆ. ನಿರ್ದೇಶಕರು ಕರೆಸಿದರು.

"ಹನ್ನೊಂದು ವರ್ಷ ಸುಮ್ಮನಿದ್ದು, ನಿವೃತ್ತಿಗೆ ಎಂಟು ತಿಂಗಳಿರೋವಾಗ ಇದೇನ್ರೀ ನಿಮ್ಮದು?" ಎಂದರು.

"ತಡ ಆಯ್ತು ಸರ್. ನಮ್ಮ ಬಸ್ಸುಗಳ ಥರ," ಎಂದೆ.

ಅವರು ನಗಲಿಲ್ಲ. ಮೂರು ತಿಂಗಳು ಅಮಾನತು. ಆದರೆ ಕಚೇರಿಯ ಮಾತು ಕೇಳಿ ನಡೆದವನನ್ನು ಕಂಪನಿ ತೆಗೆಯುವಂತಿಲ್ಲ. ಎಲಾದಿಯೊ ಮೇಲಿನ ವಿಚಾರಣೆ ಮುಚ್ಚಿದೆ. ನಿಮ್ಮ ನಿಲುಗಡೆಯ ರದ್ದು ಈಸ್ಟರ್ ತನಕ ತಡೆಹಿಡಿದಿದ್ದಾರೆ. ಅಲ್ಲಿಯವರೆಗೆ ಗುರುವಾರ ಕರೆ ಇಲ್ಲದೆಯೇ ಬಸ್ಸು ಬರುತ್ತದೆ, ಅದರಲ್ಲಿ ನಮ್ಮ ಗುಮಾಸ್ತನೊಬ್ಬ ಕೂತು ತಲೆ ಎಣಿಸುತ್ತಾನೆ. ಆಮೇಲೆ ಏನಾಗುತ್ತದೆಂದು ನಾನು ಮಾತು ಕೊಡಲಾರೆ. ನನ್ನ ಮಾತಿನ ಬೆಲೆ ನಿನಗೆ ಗೊತ್ತಿದೆ. ಆದರೆ ನಾಳೆ ಫಿದೆನ್ಸಿಯೊಗೆ ಹೇಳು, ಜನವರಿಯಲ್ಲೂ ನೀನೇ ಬರುತ್ತೀಯ ಎಂದು. ಅದನ್ನು ಹೇಳಲೆಂದೇ ಹೊರಟೆ, ನಾಳೆ ಆರ್ಕೋಸಾದಲ್ಲಿ ನೀನು ಸಿಗುತ್ತೀಯಲ್ಲ ಎಂದು.

ಹೊರಟು ಇಲ್ಲಿ ಕೂತಿದ್ದೇನೆ. ಮೂರು ಗಂಟೆಗೆ ಬಂದು ಕಿಟಕಿಯಲ್ಲಿ ಕೇಳಿದೆ: "ಆರ್ಕೋಸಾಕ್ಕೆ ಮೂರೂವರೆ ಬಸ್ಸಿಗೆ ಒಂದು ಕೊಡಿ."

"ಮೂರೂವರೆದಾ? ಅದನ್ನ ತೆಗೆದು ಏಳು ವರ್ಷ ಆಯ್ತಲ್ಲ ಮೇಡಂ. ನಾಳೆ ಬೆಳಿಗ್ಗೆ ಏಳೂವರೆಗೇ ಇನ್ನು."

"ತೆಗೆದ್ರಾ? ಯಾರು?"

"ಯಾರೋ ಪುಣ್ಯಾತ್ಮರು ಬೇಡಿಕೆ ಇಲ್ಲ ಅಂತ ಬರೆದ್ರಂತೆ."

ವಿಸಿ, ನನಗೆ ಬಂದ ಸಿಟ್ಟು! ಕಿಟಕಿಯ ಹಲಗೆ ಗುದ್ದಿದೆ. "ಇದೇನ್ರೀ ಅನ್ಯಾಯ? ಜನ ಮನೆಗೆ ಹೋಗೋದು ಬೇಡ್ವಾ?" ಎಂದು ಕೂಗಿದೆ. ನಿಲ್ದಾಣವೆಲ್ಲ ತಿರುಗಿ ನೋಡಿತು. ಏಳು ವರ್ಷದ ಹಿಂದೆ ಆ ಪಟ್ಟಿ ಮಾಡಿದ ಮಧ್ಯಾಹ್ನ ನನಗೆ ನೆನಪಿದೆ. ಕೈಯಲ್ಲಿ ಕಾಫಿ ಇತ್ತು, ಎರಡು ನಿಮಿಷದ ಕೆಲಸ.

ಬೆಂಚಿನ ಮೇಲೆ ಮೂವರು ಹೆಂಗಸರು. ಒಬ್ಬಳು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಪಟ್ಟಿ ಕಟ್ಟಿಕೊಂಡಿದ್ದಾಳೆ. ಆಸ್ಪತ್ರೆಯವರು ಬಿಟ್ಟದ್ದು ಎರಡಕ್ಕೆ. ಇನ್ನಿಬ್ಬರು ಅವಳ ಜೊತೆ ಬಂದವರು. ಮೂವರೂ ಆರ್ಕೋಸಾದ ಆಚೆಯ ಹಳ್ಳಿಯವರು. "ಸರಿಯಾಗ್ ಕೇಳಿದ್ರಿ ತಾಯಿ, ಬನ್ನಿ ಕೂತ್ಕಳಿ" ಎಂದು ಜಾಗ ಮಾಡಿದರು. ಚೆನ್ನಾಗಿ ಬೈಯುತ್ತಾರೆ. ನಾನೂ ಸೇರಿ ಬೈದೆ. ಆ ಸಹಿ ಹಾಕಿದವಳ ವಂಶ, ಅವಳ ಕುರ್ಚಿ, ಅವಳ ಕಾಫಿ, ಏನನ್ನೂ ಬಿಡಲಿಲ್ಲ. ಹೀಗೆ ಒಂದು ಗಂಟೆ. ಆಮೇಲೆ ಪಟ್ಟಿ ಕಟ್ಟಿದವಳು "ರಾತ್ರಿ ಇಲ್ಲೇ ಬೆಂಚಿನ ಮೇಲೇ ನಾವು, ನಿಮ್ಮ ಮನೆ ಎಲ್ಲಮ್ಮ?" ಎಂದಳು.

ನನ್ನ ಮನೆ ಇಲ್ಲಿಂದ ಹತ್ತು ನಿಮಿಷದ ನಡಿಗೆ.

ಹೇಳಿದೆ. ಮನೆ ಎಲ್ಲಿ ಎಂದಷ್ಟೇ ಅಲ್ಲ, ನಾನು ಯಾರು ಎಂದೂ ಹೇಳಿದೆ. ಒಬ್ಬಳು ಚೀಲವನ್ನು ನನ್ನಿಂದ ದೂರ ಎಳೆದುಕೊಂಡಳು. ಪಟ್ಟಿ ಕಟ್ಟಿದವಳು ಒಂದೇ ಕಣ್ಣಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಎದ್ದು ನಿಂತು, ಉಳಿದಿಬ್ಬರಿಗೆ ಹೇಳಿದಳು:

"ಏಳ್ರೇ. ಸಹಿ ಹಾಕ್ದೋಳೇ ಹಾಸಿಗೆ ಹಾಸ್ಲಿ."

ಬಾಗಿಲ ಬಳಿ ಕಾಯುತ್ತಿದ್ದಾರೆ. ಮನೆಯಲ್ಲಿ ಇರುವುದು ಮೂರು ಮೊಟ್ಟೆ, ಹಳೆಯ ಬ್ರೆಡ್ಡು. ಬೆಳ್ಳುಳ್ಳಿ ಸಾರು ಮಾಡಿದರೆ ನಾಲ್ವರಿಗೆ ಹೇಗೋ ಆಗುತ್ತದೆ. ಬೆಳಿಗ್ಗೆ ಏಳೂವರೆಗೆ ನಾಲ್ಕು ಜನ ಹೊರಡುತ್ತೇವೆ.

ನಿನ್ನ,
ಪ್ರಾಕ್ಸಿ